ಪ್ರೇಕ್ಷಕರಾಗಿ ಉಳಿದ ಪ್ರಜೆಗಳು

ಕಾರ್ತಿಕ ಮಾಸದ ಒಂದು ಸಂಜೆ ಬೆಂಗಳೂರಿನಿಂದ ಹಿರಿಯ ಶಿಷ್ಯರೊಬ್ಬರು ನಮ್ಮನ್ನು ಕಾಣಲು ಬಂದಿದ್ದರು. ದಾವಣಗೆರೆ ಸೀಮೆಯಿಂದ ಯೌವನದಲ್ಲಿ ಕೆಲಸ ಅರಸಿ ಹೋದವರು. ಐವತ್ತು ವರ್ಷಗಳಿಂದ ರಾಜಾಜಿನಗರದ ಒಂದೇ ಬೀದಿಯಲ್ಲಿ ವಾಸವಾಗಿರುವವರು. ಕುಶಲ ವಿಚಾರಿಸಿದಾಗ, "ಮೈ ಚೆನ್ನಾಗಿದೆ ಬುದ್ಧಿ, ಊರು ಚೆನ್ನಾಗಿಲ್ಲ" ಎಂದರು. ಆ ಒಂದು ಮಾತಿನಿಂದ ಆರಂಭವಾದ ಸಂಭಾಷಣೆ ಸಿನಿಮಾ, ರಾಜಕೀಯ, ನಗರಜೀವನಗಳನ್ನು ಸುತ್ತಿ ಒಂದು ಗಂಟೆಯವರೆಗೆ ಸಾಗಿತು.

ಅವರು ಬೆಂಗಳೂರಿಗೆ ಹೋದ ಕಾಲದಲ್ಲಿ "ಬಂಗಾರದ ಮನುಷ್ಯ" ಚಿತ್ರ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಓಡುತ್ತಿತ್ತಂತೆ. 1972ರಲ್ಲಿ ತೆರೆಕಂಡ ಆ ಚಿತ್ರ ಅಲ್ಲಿ ಎರಡು ವರ್ಷಗಳ ಕಾಲ ಪ್ರದರ್ಶನ ಕಂಡಿದ್ದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. "ಗಾಂಧಿ ಕ್ಲಾಸಿನಲ್ಲಿ ಕುಳಿತು ನೋಡಿದೆ ಬುದ್ಧಿ. ಮೇಲೆ ಬಾಲ್ಕನಿಯಲ್ಲಿ ಸಾಹುಕಾರರು, ಕೆಳಗೆ ನಮ್ಮಂಥವರು. ಅಳು ಬಂದಾಗ ಎಲ್ಲರಿಗೂ ಒಟ್ಟಿಗೇ ಬಂತು" ಎಂದು ನೆನೆದರು. ಇಂದು ಆ ರಸ್ತೆಯ ಹೆಚ್ಚಿನ ಚಿತ್ರಮಂದಿರಗಳು ಕಣ್ಮರೆಯಾಗಿವೆ. ಮೆಜೆಸ್ಟಿಕ್ ಎಂಬ ಟಾಕೀಸಿನಿಂದ ಆ ಪ್ರದೇಶಕ್ಕೆ ಹೆಸರು ಬಂದಿತು. ಟಾಕೀಸು ಹೋಗಿ ಹೆಸರು ಮಾತ್ರ ಉಳಿದಿದೆ.

ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ನೆಲದ ಬೆಲೆ ಟಿಕೆಟಿನ ಆದಾಯವನ್ನು ಮೀರಿ ಬೆಳೆಯಿತು. ದೂರದರ್ಶನ ಮನೆಗೆ ಬಂತು, ಅನಂತರ ಮೊಬೈಲು ಅಂಗೈಗೆ ಬಂತು. ಮಲ್ಟಿಪ್ಲೆಕ್ಸುಗಳಲ್ಲಿ ನಾಲ್ಕು ಜನರ ಕುಟುಂಬವೊಂದು ಚಿತ್ರ ನೋಡಬೇಕಾದರೆ ಕೂಲಿಕಾರರ ಎರಡು ಮೂರು ದಿನಗಳ ಸಂಪಾದನೆ ಕರಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಟಿಕೆಟ್ ದರಕ್ಕೆ 200 ರೂಪಾಯಿಗಳ ಮಿತಿ ವಿಧಿಸಿತು. ಅದೇ ತಿಂಗಳು ಹೈಕೋರ್ಟ್ ಆ ನಿಯಮಕ್ಕೆ ತಡೆಯಾಜ್ಞೆ ನೀಡಿತು. ದರ ಎಷ್ಟಿರಬೇಕೆಂಬುದು ನ್ಯಾಯಾಲಯಕ್ಕೆ ಬಿಟ್ಟ ವಿಷಯ. ಆದರೆ ಬಡವ ಬಲ್ಲಿದರು ಒಂದೇ ಸೂರಿನಡಿ ಕುಳಿತು ನಗುವ, ಅಳುವ ಸ್ಥಳಗಳು ನಗರದಲ್ಲಿ ಕಡಿಮೆಯಾಗುತ್ತಿರುವುದು ಹಣದ ಲೆಕ್ಕಕ್ಕೆ ಸಿಗದ ನಷ್ಟ.

ಮಾತು ರಾಜಕೀಯದ ಕಡೆಗೆ ಹೊರಳಿದಾಗ ಅವರ ದನಿ ಕುಗ್ಗಿತು. ಈ ಮಳೆಗಾಲದಲ್ಲಿ ಚರಂಡಿಯ ನೀರು ಅವರ ಮನೆಯೊಳಗೆ ನುಗ್ಗಿ, ಪೂಜೆಯ ಕೋಣೆಯವರೆಗೂ ಬಂದಿತಂತೆ. "ಯಾರ ಮನೆಯ ಬಾಗಿಲು ತಟ್ಟಲಿ ಬುದ್ಧಿ? ನಮ್ಮ ವಾರ್ಡಿಗೆ ಕಾರ್ಪೊರೇಟರೇ ಇಲ್ಲ" ಎಂದರು. ಅವರ ಈ ಪ್ರಶ್ನೆಗೆ ನಮ್ಮಲ್ಲಿಯೂ ಸಿದ್ಧ ಉತ್ತರವಿರಲಿಲ್ಲ.

ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ಪೂರ್ಣಗೊಳ್ಳಬೇಕೆಂಬುದು 74ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ವಿಧಿ. ಆದರೂ 2025 ಮುಗಿಯುತ್ತ ಬಂದರೂ ಚುನಾವಣೆ ನಡೆದಿರಲಿಲ್ಲ. 198 ಇದ್ದ ವಾರ್ಡುಗಳು 243 ಆದವು, ಮತ್ತೆ 225 ಆದವು. 2025ರ ಸೆಪ್ಟೆಂಬರ್ 2ರಿಂದ ಒಂದು ಪಾಲಿಕೆಯ ಸ್ಥಾನದಲ್ಲಿ ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಈ ಅವಧಿಯಲ್ಲಿ ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಅಧಿಕಾರ ನಡೆಸಿವೆ. ಆದ್ದರಿಂದ ಇದು ಒಂದು ಪಕ್ಷದ ದೋಷವಲ್ಲ. ಅಧಿಕಾರವನ್ನು ಕೆಳಗಿನವರೊಂದಿಗೆ ಹಂಚಿಕೊಳ್ಳಲು ಮೇಲಿರುವವರಿಗೆ ಮನಸ್ಸು ಬಾರದಿರುವುದು ಎಲ್ಲ ಪಕ್ಷಗಳಿಗೂ ಅಂಟಿದ ರೋಗ.

ಆದರೆ ತಪ್ಪೆಲ್ಲವೂ ಆಳುವವರದ್ದೇ ಎಂದು ಕೈತೊಳೆದುಕೊಳ್ಳುವುದು ಪ್ರಾಮಾಣಿಕತೆಯಾಗದು. 2015ರ ಪಾಲಿಕೆ ಚುನಾವಣೆಯಲ್ಲಿ ಮತ ಹಾಕಿದವರು ಸುಮಾರು ಅರ್ಧದಷ್ಟು ಜನ ಮಾತ್ರ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಒಟ್ಟು ಮತದಾನ ಶೇ. 73ನ್ನು ದಾಟಿದಾಗಲೂ ರಾಜಧಾನಿಯಲ್ಲಿ ಅದು ಶೇ. 60ನ್ನು ಮುಟ್ಟಲಿಲ್ಲ. ಹಳ್ಳಿಯ ರೈತ ಸಾಲಿನಲ್ಲಿ ನಿಂತು ಮತ ಹಾಕಿದ. ಗುಂಡಿ ಬಿದ್ದ ರಸ್ತೆಯನ್ನು ದಿನವೂ ಶಪಿಸುವ ನಗರವಾಸಿ ಮನೆಯಲ್ಲಿ ಉಳಿದ.

ಸಿನಿಮಾ ಮತ್ತು ರಾಜಕೀಯದ ನಂಟು ದಕ್ಷಿಣ ಭಾರತಕ್ಕೆ ಹೊಸದಲ್ಲ. ತಮಿಳುನಾಡಿನಲ್ಲಿ ಎಂ.ಜಿ. ರಾಮಚಂದ್ರನ್ 1977ರಲ್ಲಿ, ಆಂಧ್ರಪ್ರದೇಶದಲ್ಲಿ ಎನ್.ಟಿ. ರಾಮರಾವ್ 1983ರಲ್ಲಿ ಮುಖ್ಯಮಂತ್ರಿಗಳಾದರು. ನಮ್ಮ ರಾಜಕುಮಾರ್ ಗೋಕಾಕ್ ಚಳವಳಿಯಲ್ಲಿ ಭಾಷೆಗಾಗಿ ಬೀದಿಗಿಳಿದರು, ಚುನಾವಣೆಗೆ ನಿಲ್ಲಲಿಲ್ಲ. ನಟರು ರಾಜಕೀಯಕ್ಕೆ ಬರುವುದರಲ್ಲಿ ತಪ್ಪೇನೂ ಇಲ್ಲ. ಜನರು ರಾಜಕೀಯವನ್ನೇ ಸಿನಿಮಾದಂತೆ ನೋಡತೊಡಗಿದರೆ ಅದು ಅಪಾಯಕಾರಿ. ಚಿತ್ರದಲ್ಲಿ ನಾಯಕನೊಬ್ಬ ಬಂದು ಮೂರು ಗಂಟೆಗಳಲ್ಲಿ ಅನ್ಯಾಯವನ್ನು ಅಳಿಸಿಹಾಕುತ್ತಾನೆ, ನಾವು ಚಪ್ಪಾಳೆ ತಟ್ಟುತ್ತೇವೆ. ನಿಜಜೀವನದಲ್ಲಿಯೂ ಅಂಥವನೊಬ್ಬ ಬಂದೇ ಬರುತ್ತಾನೆಂದು ಕಾಯುವವನು ಪ್ರಜೆಯಾಗಿ ಉಳಿಯುವುದಿಲ್ಲ, ಪ್ರೇಕ್ಷಕನಾಗುತ್ತಾನೆ.

ಹಿಂದಿನ ಬೆಂಗಳೂರೆಲ್ಲವೂ ಬಂಗಾರವಾಗಿತ್ತೆಂದು ಭಾವಿಸುವುದೂ ಸರಿಯಲ್ಲ. ಇಂದಿನ ಕೆಂಪೇಗೌಡ ಬಸ್ ನಿಲ್ದಾಣದ ಜಾಗ ಧರ್ಮಾಂಬುಧಿ ಕೆರೆಯಾಗಿತ್ತು. ಕಂಠೀರವ ಕ್ರೀಡಾಂಗಣದ ಜಾಗ ಸಂಪಂಗಿ ಕೆರೆಯಾಗಿತ್ತು. ನೀರಿನ ದಾರಿಯನ್ನು ಕಟ್ಟಿದವರು ಹಿಂದಿನವರೂ ಹೌದು, ಇಂದಿನವರೂ ಹೌದು. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಶ್ರೀಮಂತ ಬಡಾವಣೆಗಳ ನಿವಾಸಿಗಳು ದೋಣಿ, ಟ್ರ್ಯಾಕ್ಟರುಗಳಲ್ಲಿ ಮನೆಯಿಂದ ಹೊರಬಂದರು. ಗಾಂಧಿ ಕ್ಲಾಸು, ಬಾಲ್ಕನಿ ಎಂಬ ಭೇದವನ್ನು ಆ ನೀರು ಮಾಡಲಿಲ್ಲ.

ಶರಣರು ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರನ್ನೂ ಸಮನಾಗಿ ಕೂರಿಸಿದರು. ಅಲ್ಲಿ ನೋಡುವವರು ಬೇರೆ, ಮಾಡುವವರು ಬೇರೆ ಎಂಬ ವಿಂಗಡಣೆ ಇರಲಿಲ್ಲ. ನಗರಕ್ಕೂ ಬೇಕಾದುದು ಅದೇ. ಆದ್ದರಿಂದ ಹೊರಡುವ ಮುನ್ನ ಆ ಹಿರಿಯರಿಗೆ ನಾವು ಎರಡು ಮಾತು ಹೇಳಿದೆವು: ತಮ್ಮ ಬೀದಿಯ ಹತ್ತು ಮನೆಯವರನ್ನು ಒಂದು ಭಾನುವಾರ ಸೇರಿಸಿ, ಚರಂಡಿಯ ವಿಷಯವಾಗಿ ಎಲ್ಲರ ರುಜುವಿನೊಡನೆ ಒಂದೇ ಅರ್ಜಿ ಕೊಡಿ; ಪಾಲಿಕೆಯ ಚುನಾವಣೆ ಎಂದು ಬಂದರೂ ಆ ಹತ್ತು ಮನೆಗಳವರ ಹೆಸರೂ ಮತದಾರರ ಪಟ್ಟಿಯಲ್ಲಿ ಇರುವಂತೆ ಈಗಲೇ ನೋಡಿಕೊಳ್ಳಿ.

"ನಮ್ಮ ಬೀದಿಯಲ್ಲಿ ಹತ್ತು ಮನೆಯವರ ಪರಿಚಯವೇ ನನಗಿಲ್ಲ ಬುದ್ಧಿ" ಎಂದರು ಅವರು, ತುಸು ನಾಚಿ. "ಹಾಗಾದರೆ ತಾವು ಅಲ್ಲಿಂದಲೇ ಆರಂಭಿಸಬೇಕು" ಎಂದೆವು.