ಬಿಡುವಿನ ಮಾತು: ಬರೆಯದ ನಿಯಮಕ್ಕೆ ಬೈಗುಳವೇಕೆ?



ಮುಂಬಯಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಹಿಂದೆಲ್ಲ ಹೋಟೆಲು, ಬ್ಯಾಂಕು, ಮಿಲ್ಲು ಎಂಬ ಮಾತುಗಳೇ ಕೇಳಿಬರುತ್ತಿದ್ದವು. ಈಗ ಊಟದ ತಟ್ಟೆಯ ಮುಂದೆ ಕ್ಲೌಡ್, ಕಂಟೇನರ್, ಡಿಪ್ಲಾಯ್‌ಮೆಂಟ್ ಎಂಬ ಮಾತುಗಳು. ರಾತ್ರಿ ಎರಡು ಗಂಟೆಗೆ ಫೋನು ಬಂತೆಂದು ಮಕ್ಕಳು ಎದ್ದು ಲ್ಯಾಪ್‌ಟಾಪ್ ತೆರೆಯುತ್ತಾರೆ. ನಾವು ಹಿರಿಯರು "ಇದೆಂಥ ಕೆಲಸವೋ" ಎಂದು ಗೊಣಗಿ ಮಗ್ಗುಲು ಬದಲಿಸುತ್ತೇವೆ. ಗೊಣಗುವುದಾದರೂ ವಿಷಯ ತಿಳಿದುಕೊಂಡು ಗೊಣಗೋಣವೆಂದು ನಾನು ಕೆಲವು ವಾರ ಮಧ್ಯಾಹ್ನದ ಬಿಡುವಿನಲ್ಲಿ ಸೊಸೆಯಿಂದ ಪಾಠ ಹೇಳಿಸಿಕೊಂಡೆ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳಿಗೆ ಇದೆಲ್ಲ ಅರ್ಥವಾದೀತೇ ಎಂದು ಯಾರೂ ಸಂದೇಹಪಡಬೇಕಾಗಿಲ್ಲ. ಕಡೆಗೆ ಇದೂ ವ್ಯಾಕರಣದ ವಿಷಯವೇ.

ಕಂಟೇನರ್ ಎಂದರೆ ನಮ್ಮ ಕಣ್ಣಿಗೆ ಬರುವುದು ನ್ಹಾವಾ ಶೇವಾ ಬಂದರಿನ ಕಡೆಗೆ ಸಾಲುಗಟ್ಟಿ ಹೋಗುವ ಟ್ರೇಲರ್‌ಗಳ ಮೇಲಿನ ಕಬ್ಬಿಣದ ಪೆಟ್ಟಿಗೆ. ಕಂಪ್ಯೂಟರಿನವರು ಹೆಸರನ್ನು ತೆಗೆದುಕೊಂಡದ್ದೂ ಅಲ್ಲಿಂದಲೇ. 1956ರ ಏಪ್ರಿಲ್‌ನಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬವರು 'ಐಡಿಯಲ್ ಎಕ್ಸ್' ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದರು. ಒಳಗಿನ ಸಾಮಾನನ್ನು ಬಿಚ್ಚದೆ, ಪೆಟ್ಟಿಗೆಯನ್ನೇ ಲಾರಿಯಿಂದ ಹಡಗಿಗೆ ಎತ್ತಿ ಇಡುವುದು ಅವರ ಉಪಾಯ. ಸಾಫ್ಟ್‌ವೇರಿನಲ್ಲಿಯೂ ಹಾಗೆಯೇ. ಒಂದು ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಸಲಕರಣೆಗಳ ಸಮೇತ ಕಟ್ಟಿ ಇಟ್ಟರೆ, ಅದು ಯಾವ ಯಂತ್ರದಲ್ಲಿಯೂ ಒಂದೇ ರೀತಿ ನಡೆಯುತ್ತದೆ. 2013ರಲ್ಲಿ ಬಂದ ಡಾಕರ್ ಈ ಪದ್ಧತಿಯನ್ನು ಮನೆಮಾತಾಗಿಸಿತು. ಅಂಥ ನೂರಾರು ಪೆಟ್ಟಿಗೆಗಳನ್ನು ಯಾವ ಯಂತ್ರದಲ್ಲಿ ಇಡಬೇಕು, ಒಂದು ಕೆಟ್ಟರೆ ಇನ್ನೊಂದನ್ನು ಹೇಗೆ ಎಬ್ಬಿಸಬೇಕು ಎಂದು ನೋಡಿಕೊಳ್ಳುವ ವ್ಯವಸ್ಥೆಯೇ ಗೂಗಲ್‌ನವರು 2014ರಲ್ಲಿ ಹೊರತಂದ ಕ್ಯೂಬರ್ನೆಟೀಸ್. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಚುಕ್ಕಾಣಿ ಹಿಡಿಯುವವ ಎಂದರ್ಥ.

ಈ ಚುಕ್ಕಾಣಿಗನಿಗೆ ನಾವು ಬಾಯಲ್ಲಿ ಹೇಳುವಂತಿಲ್ಲ, ಬರೆದು ಕೊಡಬೇಕು. ಯಾವ ಪೆಟ್ಟಿಗೆ, ಎಷ್ಟು ಪ್ರತಿ, ಎಷ್ಟು ಮೆಮೊರಿ ಎಂಬುದನ್ನೆಲ್ಲ ಯಾಮಲ್ ಎಂಬ ಶೈಲಿಯ ಕಡತದಲ್ಲಿ ಸಾಲು ಸಾಲಾಗಿ ಬರೆಯುತ್ತಾರೆ. ಇದರ ಮಡಿ ಬಹಳ. ಸಾಲಿನ ಆರಂಭದಲ್ಲಿ ಎಷ್ಟು ಜಾಗ ಬಿಟ್ಟಿದ್ದೀರಿ ಎಂಬುದರ ಮೇಲೆ ಅರ್ಥ ನಿಲ್ಲುತ್ತದೆ. ಆ ಜಾಗವನ್ನು ಟ್ಯಾಬ್ ಕೀಲಿಯಿಂದ ಬಿಡುವಂತಿಲ್ಲ. ಸಂಖ್ಯೆಯಾದ 3ನ್ನು ಉದ್ಧರಣ ಚಿಹ್ನೆಯೊಳಗೆ ಬರೆದರೆ ಅದು ಸಂಖ್ಯೆಯಲ್ಲ, ಅಕ್ಷರವಾಗುತ್ತದೆ. ಯಾಮಲ್‌ನ ಹಳೆಯ ನಿಯಮದಲ್ಲಿ 'ನೋ' ಎಂಬ ಇಂಗ್ಲಿಷ್ ಪದವನ್ನು ಚಿಹ್ನೆಯಿಲ್ಲದೆ ಬರೆದರೆ ಅದು ಪದವಾಗಿ ಉಳಿಯದೆ 'ಸುಳ್ಳು' ಎಂಬ ಬೆಲೆಯಾಗಿಬಿಡುತ್ತದೆ. ನಾರ್ವೆ ದೇಶದ ಎರಡಕ್ಷರದ ಸಂಕೇತವೂ ಅದೇ ಆದ್ದರಿಂದ ಈ ತೊಡಕಿಗೆ 'ನಾರ್ವೆ ಸಮಸ್ಯೆ' ಎಂದೇ ಹೆಸರು ಬಿದ್ದಿದೆ.

ಇಂಥ ತಪ್ಪುಗಳು ಕೆಲಸ ಶುರುವಾದ ಮೇಲೆ ತಿಳಿಯುವ ಬದಲು ಮೊದಲೇ ತಿಳಿಯಲಿ ಎಂದು ಕೆಲವು ಪುಟ್ಟ ಪರೀಕ್ಷಕರಿದ್ದಾರೆ. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪು ಮಾಡಿದರೆ ಉತ್ತರ ಬರುತ್ತದೆ. ಇವನ್ನು ಕಮಾಂಡ್ ಲೈನ್ ಟೂಲ್ ಎನ್ನುತ್ತಾರೆ. "ಒತ್ತಲು ಒಂದು ಗುಂಡಿಯೂ ಇಲ್ಲವಲ್ಲಮ್ಮಾ?" ಎಂದು ಕೇಳಿದೆ. ಸೊಸೆ ನಕ್ಕಳು. "ಗುಂಡಿ ಒತ್ತಲು ಮನುಷ್ಯ ಬೇಕು ಅತ್ತೆ. ಇದನ್ನಾದರೆ ಕಡತ ಬದಲಾದಾಗಲೆಲ್ಲ ತಾನಾಗಿಯೇ ಓಡುವಂತೆ ಕಟ್ಟಿಡಬಹುದು. ಎಲ್ಲ ಸರಿಯಿದ್ದರೆ ಸೊನ್ನೆ ಎಂಬ ಸಂಕೇತ ಕೊಟ್ಟು ಮುಗಿಯುತ್ತದೆ, ಇಲ್ಲದಿದ್ದರೆ ಬೇರೆ ಅಂಕೆ. ಆ ಅಂಕೆ ಕಂಡರೆ ಮುಂದಿನ ಕೆಲಸ ಅಲ್ಲಿಗೇ ನಿಲ್ಲುತ್ತದೆ" ಎಂದಳು. ಸೊನ್ನೆ ಬಂದರೆ ಪಾಸು ಎನ್ನುವ ಪರೀಕ್ಷೆಯನ್ನು ನಾನು ಕಂಡದ್ದು ಇದೇ ಮೊದಲು!

ಈ ಪರೀಕ್ಷಕರಲ್ಲಿ ಮೆಟ್ಟಿಲುಗಳಿವೆ. ಮೊದಲನೆಯದು ಯಾಮಲ್‌ಲಿಂಟ್. ಇದು ಬರವಣಿಗೆಯ ಕಟ್ಟು ನೆಟ್ಟಗಿದೆಯೇ ಎಂದಷ್ಟೇ ನೋಡುತ್ತದೆ. ಎರಡನೆಯದು ಕ್ಯೂಬ್‌ಕನ್‌ಫಾರ್ಮ್. ಅರ್ಜಿಯ ನಮೂನೆಯಲ್ಲಿ ಇರಬೇಕಾದ ಕಲಮುಗಳೆಲ್ಲ ಇವೆಯೇ, ಸಂಖ್ಯೆಯ ಜಾಗದಲ್ಲಿ ಸಂಖ್ಯೆಯೇ ಇದೆಯೇ ಎಂದು ಇದು ತಾಳೆ ನೋಡುತ್ತದೆ. ಹಿಂದೆ ಇದೇ ಕೆಲಸಕ್ಕೆ ಕ್ಯೂಬ್‌ವಾಲ್ ಎಂಬುದಿತ್ತು. ಅದರ ಪೋಷಣೆ ಈಗ ನಿಂತಿದೆ, ಅದರ ಕರ್ತೃಗಳೇ ಕ್ಯೂಬ್‌ಕನ್‌ಫಾರ್ಮ್ ಬಳಸಿರೆಂದು ಹೇಳಿದ್ದಾರೆ. ಮೂರನೆಯದು ಕ್ಯೂಬ್‌ಸಿಟಿಎಲ್‌ನ 'ಡ್ರೈ ರನ್'. ಅದರಲ್ಲಿ ಸರ್ವರ್ ಎಂಬ ಬಗೆಯನ್ನು ಆರಿಸಿದರೆ ಕಡತವನ್ನು ನಿಜವಾದ ಸರ್ವರಿಗೇ ತೋರಿಸಿ ಒಪ್ಪಿಗೆಯೇ ಎಂದು ಕೇಳುತ್ತದೆ, ಆದರೆ ಏನನ್ನೂ ದಾಖಲಿಸುವುದಿಲ್ಲ.

ಇವುಗಳಲ್ಲಿ ಎರಡನೆಯದರ ಬಗ್ಗೆ ಹೊಸಬರು ತಿಳಿದಿರಬೇಕಾದ ಎರಡು ಮಾತಿವೆ. ಕ್ಯೂಬ್‌ಕನ್‌ಫಾರ್ಮ್‌ಗೆ 'ಸ್ಟ್ರಿಕ್ಟ್' ಎಂದು ಸೇರಿಸಿ ಹೇಳದಿದ್ದರೆ ಅದು ತನಗೆ ಗೊತ್ತಿಲ್ಲದ ಕಲಮನ್ನು ಕಂಡೂ ಸುಮ್ಮನಿರುತ್ತದೆ. ಹೀಗಾಗಿ ಕಲಮಿನ ಹೆಸರಿನಲ್ಲಿ ಕಾಗುಣಿತ ತಪ್ಪಿದ್ದರೂ ಕಡತ ಪಾಸಾಗಬಹುದು. ಇನ್ನೊಂದು, ಕೊನೆಯಲ್ಲಿ ಅದು ಕೊಡುವ ಲೆಕ್ಕದಲ್ಲಿ ವ್ಯಾಲಿಡ್, ಇನ್‌ವ್ಯಾಲಿಡ್, ಎರರ್, ಸ್ಕಿಪ್ಡ್ ಎಂದು ನಾಲ್ಕು ಬಗೆ. ಸ್ಕಿಪ್ಡ್ ಎಂದರೆ ನೋಡದೇ ಬಿಟ್ಟದ್ದು. ಪರೀಕ್ಷೆಗೆ ಗೈರುಹಾಜರಾದ ಹುಡುಗನನ್ನು ಯಾರೂ ಪಾಸಾದವರ ಪಟ್ಟಿಗೆ ಸೇರಿಸುವುದಿಲ್ಲವಲ್ಲ!

ಇಷ್ಟಾದರೂ ಈ ಮೂವರು ನೋಡುವುದು ಮುಖ್ಯವಾಗಿ ನಮೂನೆಯನ್ನು. ಕೇಳಿದ್ದು ವಿವೇಕದ್ದೇ ಎಂದು ಅವು ಹೇಳಲಾರವು. ಮೆಮೊರಿಗೆ 400 ಎಂದು ಬರೆದು ಮುಂದೆ ಇಂಗ್ಲಿಷಿನ ದೊಡ್ಡ ಎಮ್ ಹಾಕಿದರೆ 40 ಕೋಟಿ ಬೈಟು. ಚಿಕ್ಕ ಎಮ್ ಹಾಕಿದರೆ ಅದು ಮಿಲಿ, ಅಂದರೆ ಅರ್ಧ ಬೈಟೂ ಅಲ್ಲ! ನಮೂನೆಯ ಲೆಕ್ಕದಲ್ಲಿ ಎರಡೂ ಸರಿಯೇ.

ಈಗ ನನ್ನ ಮನಸ್ಸಿಗೆ ನಾಟಿದ ಸಂಗತಿಗೆ ಬರುತ್ತೇನೆ. ಸೊಸೆಯ ಪರಿಚಯದ ಹುಡುಗಿಯೊಬ್ಬಳು ಒಂದು ಕಂಪನಿಗೆ ಹೊಸದಾಗಿ ಸೇರಿದ್ದಳು. ಕಡತ ಬರೆದಳು, ಪರೀಕ್ಷಕನನ್ನು ಓಡಿಸಿದಳು, 'ವ್ಯಾಲಿಡ್' ಎಂದು ಬಂತು, ಕಳಿಸಿದಳು. ಮೆಮೊರಿಯ ಮಿತಿಯನ್ನು ಅವಳು ಬರೆದಿರಲಿಲ್ಲ. ಮಿತಿ ಬರೆಯದಿರುವುದು ನಮೂನೆಯ ಪ್ರಕಾರ ತಪ್ಪಲ್ಲ. ಆದರೆ ಮಿತಿಯಿಲ್ಲದ ಪೆಟ್ಟಿಗೆ ತಾನಿರುವ ಯಂತ್ರದ ಮೆಮೊರಿಯನ್ನೆಲ್ಲ ನುಂಗಬಲ್ಲದು. ಒಂದು ರಾತ್ರಿ ಅದೇ ಆಯಿತು. ಪಕ್ಕದ ಪೆಟ್ಟಿಗೆಗಳೆಲ್ಲ ಒಂದೊಂದಾಗಿ ಹೊರಬಿದ್ದವು. ಬೆಳಿಗ್ಗೆ ಎಲ್ಲರೆದುರು ಅವಳಿಗೆ ಬೈಗುಳ: "ಮಿತಿ ಹಾಕಬೇಕೆಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಮಾತು." ಎಲ್ಲರಿಗೂ ಗೊತ್ತಿತ್ತು, ಬರೆದಿಟ್ಟವರು ಮಾತ್ರ ಯಾರೂ ಇರಲಿಲ್ಲ. ಆ ಹುಡುಗಿ ವಾರಗಟ್ಟಲೆ ಒಂದೊಂದು ಸಾಲಿಗೂ ಹೆದರುತ್ತಿದ್ದಳಂತೆ.

ಇದನ್ನು ಕೇಳಿದಾಗ ನನಗೆ ಕಂಪ್ಯೂಟರ್ ನೆನಪಾಗಲಿಲ್ಲ, ನಮ್ಮ ಅಡುಗೆಮನೆಗಳು ನೆನಪಾದವು. ಹೊಸದಾಗಿ ಬಂದ ಸೊಸೆಗೆ ಯಾವ ಡಬ್ಬಿಗೆ ಎಂಜಲ ಕೈ ತಾಗಬಾರದು, ಹಬ್ಬದ ದಿನ ಯಾವುದನ್ನು ಮೊದಲು ಬಡಿಸಬೇಕು ಎಂದು ಯಾರೂ ಹೇಳಿರುವುದಿಲ್ಲ. ಅವಳು ತನಗೆ ತಿಳಿದಂತೆ ಮಾಡಿದರೆ "ಇಷ್ಟೂ ಗೊತ್ತಿಲ್ಲವೇ?" ಎಂಬ ಮಾತು ಸಿದ್ಧವಾಗಿರುತ್ತದೆ. ಹೇಳದ ನಿಯಮವನ್ನು ಪಾಲಿಸುವುದು ಯಾರಿಂದ ಸಾಧ್ಯ?

ಮನೆಗಿಂತ ಕಂಪನಿಗೆ ಒಂದು ಅನುಕೂಲವಿದೆ. ಅಲ್ಲಿ ನಿಯಮವನ್ನು ಬರೆದಿಟ್ಟರೆ ಯಂತ್ರವೇ ಅದನ್ನು ನೋಡಿಕೊಳ್ಳುತ್ತದೆ. ಕ್ಯೂಬ್‌ಲಿಂಟರ್ ಎಂಬ ನಾಲ್ಕನೆಯ ಪರೀಕ್ಷಕ ಮೆಮೊರಿಯ ಮಿತಿ ಇಲ್ಲದಿದ್ದರೆ, ಪೆಟ್ಟಿಗೆ ಯಜಮಾನನ ಪೂರ್ಣಾಧಿಕಾರದಲ್ಲಿ ಓಡುವಂತಿದ್ದರೆ, ಆವೃತ್ತಿಯನ್ನು ನಿಖರವಾಗಿ ಹೇಳದೆ 'ಲೇಟೆಸ್ಟ್' ಎಂದಷ್ಟೇ ಬರೆದಿದ್ದರೆ ಎಚ್ಚರಿಸುತ್ತದೆ. ಯಾವುದಾದರೊಂದು ಕಡತಕ್ಕೆ ವಿನಾಯಿತಿ ಬೇಕಾದರೆ ಅದನ್ನು ಕಾರಣದೊಡನೆ ಆ ಕಡತದಲ್ಲಿಯೇ ನಮೂದಿಸಬಹುದು. ಇದು ನನಗೆ ಬಹಳ ಹಿಡಿಸಿತು. ಐದನೆಯದಾದ ಕಾನ್ಫ್‌ಟೆಸ್ಟ್‌ನಲ್ಲಿ ಆಯಾ ಕಂಪನಿಯವರು ತಮ್ಮದೇ ನಿಯಮಗಳನ್ನು ರೆಗೋ ಎಂಬ ಭಾಷೆಯಲ್ಲಿ ಬರೆದಿಡಬಹುದು. ನಿಯಮ ಮುರಿದಾಗ ಪರದೆಯ ಮೇಲೆ ಬರಬೇಕಾದ ಮಾತನ್ನೂ ಅವರೇ ಬರೆಯಬೇಕು. "ಮಿತಿ ಹಾಕಿ, ಇಲ್ಲದಿದ್ದರೆ ನೆರೆಯವರಿಗೆ ತೊಂದರೆ" ಎಂಬ ಒಂದು ಸಾಲು ಆ ದಿನ ಅಲ್ಲಿ ಬಂದಿದ್ದರೆ ಹುಡುಗಿ ಎರಡು ನಿಮಿಷದಲ್ಲಿ ತಿದ್ದಿಕೊಳ್ಳುತ್ತಿದ್ದಳು. ಅದಕ್ಕೆ ಸಾಕ್ಷಿಗಳೂ ಇರುತ್ತಿರಲಿಲ್ಲ, ಅವಮಾನವೂ ಇರುತ್ತಿರಲಿಲ್ಲ. ಆ ಘಟನೆಯ ನಂತರ ಅಲ್ಲಿಯೂ ಇಂಥದೊಂದು ಪರೀಕ್ಷೆಯನ್ನು ಸೇರಿಸಿದರಂತೆ. ಆದರೆ ಬೈಗುಳವನ್ನು ಯಾರೂ ಹಿಂದಕ್ಕೆ ಪಡೆಯಲಿಲ್ಲ.

ಯಂತ್ರ ತಪ್ಪು ತೋರಿಸುವಾಗ ಹುಬ್ಬು ಗಂಟಿಕ್ಕುವುದಿಲ್ಲ. ಹಳಬರಿಗೊಂದು, ಹೊಸಬರಿಗೊಂದು ಎಂದು ಭೇದ ಮಾಡುವುದಿಲ್ಲ. ಆದರೆ ನಾವು ಅದಕ್ಕೆ ಹೇಳಿಕೊಟ್ಟಷ್ಟನ್ನೇ ಅದು ನೋಡುತ್ತದೆ. ಆದ್ದರಿಂದ ದೊಡ್ಡ ಹುದ್ದೆಗಳಲ್ಲಿರುವ ನಮ್ಮ ಸಂಘದ ತರುಣ ಬಂಧುಗಳಲ್ಲಿ ನನ್ನದೊಂದು ವಿನಂತಿ. ಹೊಸಬರೊಬ್ಬರು ತಪ್ಪಿದಾಗ, ಈ ನಿಯಮ ಎಲ್ಲಿ ಬರೆದಿದೆ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಎಲ್ಲಿಯೂ ಬರೆದಿಲ್ಲವಾದರೆ ಬೈಯುವ ಮೊದಲು ಬರೆಯಿರಿ. ಕಲಿಯುತ್ತಿರುವ ಮಕ್ಕಳಿಗೂ ಒಂದು ಮಾತು: ಇಲ್ಲಿ ಹೇಳಿದ ಟೂಲ್‌ಗಳೆಲ್ಲ ಉಚಿತ. ಡ್ರೈ ರನ್ ಒಂದನ್ನು ಬಿಟ್ಟರೆ ಉಳಿದವನ್ನು ಕ್ಲೌಡಿಗೆ ಹಣ ಕಟ್ಟದೆ ನಿಮ್ಮ ಲ್ಯಾಪ್‌ಟಾಪಿನಲ್ಲಿಯೇ ಓಡಿಸಿ ನೋಡಬಹುದು. 'ವ್ಯಾಲಿಡ್' ಎಂದು ಬಂದೊಡನೆ ಎದ್ದುಬಿಡಬೇಡಿ, ನಿಮ್ಮ ಹಿರಿಯರನ್ನು "ಇಲ್ಲಿ ಇನ್ನೇನು ನಿಯಮವಿದೆ?" ಎಂದು ಕೇಳಿರಿ. ಕೇಳುವುದಕ್ಕೆ ಸಂಕೋಚವೇಕೆ?

ಇನ್ನು ನನ್ನ ವಯಸ್ಸಿನ ಸೋದರಿಯರು ಇದನ್ನು ಕಂಪ್ಯೂಟರಿನ ವಿಷಯವೆಂದು ಪಕ್ಕಕ್ಕಿಡಬೇಡಿ. ನಮ್ಮ ಮನೆಗಳ ಬರೆಯದ ನಿಯಮಗಳು ಎಷ್ಟಿವೆ ಎಂದು ಒಮ್ಮೆ ಎಣಿಸಿ ನೋಡೋಣ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.