ನೆರೆಗೂ ದಾಟುವ ನಿರೋಧ

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಆ ಶಕ್ತಿಯನ್ನು ತನ್ನ ಸಂತತಿಗೆ ಮಾತ್ರ ಬಿಟ್ಟುಹೋಗುತ್ತದೆಂಬುದು ಸಾಮಾನ್ಯ ನಂಬಿಕೆ. ಆದರೆ 1959ರಲ್ಲಿ ಜಪಾನಿನ ವಿಜ್ಞಾನಿಗಳು, ರಕ್ತಭೇದಿಯನ್ನು ತರುವ ಶಿಗೆಲ್ಲಾ ಮತ್ತು ಕರುಳಿನಲ್ಲಿ ವಾಸಿಸುವ ಇ. ಕೋಲಿ ಈ ಶಕ್ತಿಯನ್ನು ಪರಸ್ಪರ ಹಂಚಿಕೊಳ್ಳುವುದನ್ನು ಕಂಡರು.

ಇದರ ವಾಹಕವೇ ಪ್ಲಾಸ್ಮಿಡ್. ಅದು ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ, ಬಳೆಯಂತಹ ಸಣ್ಣ ಡಿಎನ್‌ಎ. ಎರಡು ಬ್ಯಾಕ್ಟೀರಿಯಾಗಳು ಕೂಡಿಕೊಂಡಾಗ ಅದರ ಒಂದು ಎಳೆ ನೆರೆಯದಕ್ಕೆ ಸಾಗಿ, ಎರಡು ಕಡೆಯೂ ಜೋಡಿ ಎಳೆ ಪೂರ್ಣವಾಗುತ್ತದೆ. ಕೊಟ್ಟದ್ದು ಏನನ್ನೂ ಕಳೆದುಕೊಳ್ಳುವುದಿಲ್ಲ. ಪಡೆದದ್ದು ಮತ್ತೊಂದಕ್ಕೆ ಕೊಡಬಲ್ಲದು. ಒಂದೇ ಬಳೆಯಲ್ಲಿ ಹಲವು ಔಷಧಗಳನ್ನು ಎದುರಿಸುವ ಜೀನುಗಳಿರಬಹುದು.

ಕೋಳಿ ಸಾಕಣೆಯಿಂದ ಬಾಳುವ ಮಡತ್ತುಕುಳಂ, ಉಡುಮಲೈ, ಪಲ್ಲಡಂ ಸೀಮೆಗೆ ಇದು ದೂರದ ಮಾತಲ್ಲ. ಬೇರೆ ಔಷಧಗಳು ಸೋತಾಗ ವೈದ್ಯರು ಕೊನೆಗೆ ಆಶ್ರಯಿಸುವ ಔಷಧಗಳಲ್ಲಿ ಕೊಲಿಸ್ಟಿನ್ ಒಂದು. ಅದನ್ನೇ ಕೋಳಿಗಳು ಬೇಗ ಬೆಳೆಯಲೆಂದು ಮೇವಿನಲ್ಲಿ ಬೆರೆಸುವ ರೂಢಿ ದೇಶದಲ್ಲಿತ್ತು. ಕೊಲಿಸ್ಟಿನ್ನನ್ನು ಎದುರಿಸುವ ಎಂಸಿಆರ್-1 ಜೀನು ಪ್ಲಾಸ್ಮಿಡ್ಡಿನಲ್ಲೇ ಇರುವುದು 2015ರಲ್ಲಿ ಚೀನಾದಿಂದ ವರದಿಯಾಯಿತು. ಹಂದಿ, ಮಾಂಸ, ರೋಗಿಗಳು, ಎಲ್ಲೆಡೆಯೂ ಅದು ದೊರೆತಿತ್ತು. 2019ರ ಜುಲೈಯಲ್ಲಿ ಭಾರತ ಸರ್ಕಾರವು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು.

ಆದೇಶದಿಂದಷ್ಟೇ ಕಾರ್ಯ ಮುಗಿಯದು. ಪಶುವೈದ್ಯರ ಸಲಹೆಯಿಲ್ಲದೆ ಕೋಳಿಗಳಿಗೆ ಆಂಟಿಬಯಾಟಿಕ್ ಕೊಡಬಾರದು. ನೆಗಡಿಗೆ ತಾವಾಗಿಯೇ ಅದನ್ನು ನುಂಗಬಾರದು. ಔಷಧ ಸುರಿದಲ್ಲೆಲ್ಲ ನಿರೋಧವುಳ್ಳದ್ದೇ ಉಳಿದು ಹೆಚ್ಚುತ್ತದೆ. ಅದರ ಫಲವನ್ನು ಆ ಔಷಧವನ್ನು ಎಂದೂ ಮುಟ್ಟದ ರೋಗಿಯೂ ಉಣ್ಣಬೇಕಾಗುತ್ತದೆ.