ಅದೇ ಕಲ್ಲು, ಅದೇ ಎಡವು

ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಗಳ ಕಡೆಯ ಮನೆಗಳಲ್ಲಿ, ಶಹಾಬಾದದ ಕಲ್ಲು ಹಾಸಿದ ಪಡಸಾಲೆಯಲ್ಲಿ ಕುಳಿತು ಕ್ರಿಕೆಟ್ಟನ್ನು ನೋಡುವವರಿಗೆ ಆಟದ ಸೋಲು ಊಟದ ರುಚಿಯನ್ನೂ ಕೆಡಿಸುವುದುಂಟು. ೨೦೨೪ರ ಅಕ್ಟೋಬರದಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಭಾರತದ ಪುರುಷರ ತಂಡವು ನ್ಯೂಜಿಲಂಡಿನೆದುರು ೪೬ ಓಟಗಳಿಗೆ ಮುಗಿದುದನ್ನು ಕಂಡವರು ನಾವು. ಐವರು ಸೊನ್ನೆಗೆ ಮರಳಿದರು.

ಎಡವುವುದು ದೋಷವಲ್ಲ, ಅದೇ ಕಲ್ಲಿಗೆ ಮತ್ತೆ ಎಡವುವುದು ದೋಷ. ಅದೇ ಸರಣಿಯಲ್ಲಿ, ಮುಂಬಯಿಯ ಚೆಂಡು ತಿರುಗುವ ನೆಲದ ಮೇಲೆ ಗೆಲ್ಲಲು ೧೪೭ ಓಟ ಬೇಕಾಗಿರಲು ೧೨೧ಕ್ಕೆ ಆಟ ಮುಗಿಯಿತು. ಮೂರಕ್ಕೆ ಮೂರೂ ಟೆಸ್ಟುಗಳು ಹೋದವು. ಮರುವರ್ಷ ಕಲಕತ್ತೆಯಲ್ಲಿಯೂ ಅಂಥದೇ ನೆಲ. ದಕ್ಷಿಣ ಆಫ್ರಿಕದೆದುರು ೧೨೪ ಬೇಕಾಗಿರಲು ಬಂದುದು ೯೩! ನಮ್ಮ ಸಿಟ್ಟು ಸೋಲಿನ ಮೇಲಲ್ಲ, ಈ ಮರೆವಿನ ಮೇಲೆ.

ನೆಟೆರೋಗದಿಂದ ತೊಗರಿ ಒಣಗಿದ ಹೊಲದಲ್ಲಿ ನಮ್ಮ ಸೀಮೆಯ ಒಕ್ಕಲಿಗನು ಅದೇ ಬೀಜವನ್ನು ಮತ್ತೆ ಬಿತ್ತುವನೆ? ರೋಗ ತಡೆಯುವ ತಳಿಯನ್ನು ಹುಡುಕುವನು, ಇಲ್ಲವೆ ಬೆಳೆಯನ್ನೇ ಬದಲಿಸುವನು.

ಆಟದಲ್ಲಿಯೂ ಇದು ಅಸಾಧ್ಯವಲ್ಲ. ೨೦೨೫ರ ವಿಶ್ವಕಪ್ಪಿನಲ್ಲಿ ನಮ್ಮ ಹೆಣ್ಣುಮಕ್ಕಳ ತಂಡವು ಸಾಲಾಗಿ ಮೂರು ಪಂದ್ಯಗಳನ್ನು ಸೋತಾಗ ನಾವು ಟೀವಿಯನ್ನು ಆರಿಸಿ ಎದ್ದೆವು. ಅವರಾದರೋ ತಪ್ಪನ್ನು ತಿದ್ದಿಕೊಂಡರು. ಕೈಬಿಟ್ಟಿದ್ದ ಜೆಮಿಮಾ ರೊಡ್ರಿಗ್ಸರನ್ನು ಮರಳಿ ಕರೆದು ಮೂರನೆಯ ಕ್ರಮಾಂಕಕ್ಕೆ ಏರಿಸಿದರು. ಉಪಾಂತ್ಯದಲ್ಲಿ ಆಕೆ ಔಟಾಗದೆ ೧೨೭ ಓಟ ಗಳಿಸಿ ಆಸ್ಟ್ರೇಲಿಯವನ್ನು ಮಣಿಸಿದರು. ನವೆಂಬರ ೨ರಂದು ಕಪ್ಪು ನಮ್ಮದಾಯಿತು.

ಅವಸರದಿಂದ ಎದ್ದುಹೋದ ನಾಚಿಕೆ ನಮಗಿದೆ. ಆದುದರಿಂದ ಇನ್ನು ಬೈಯುವುದಿಲ್ಲ, ಬೆನ್ನು ತಿರುಗಿಸುವುದೂ ಇಲ್ಲ. ಪುರುಷರ ತಂಡವನ್ನು ಕೇಳುವುದಿಷ್ಟೆ: ಮುಂದಿನ ಸಲ ಬೇರೆ ಏನು ಮಾಡುವಿರಿ?